ಅದೇ ಕೇಸು

ಮೆಡಿಕಲ್ ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಗೆ ಹಳೆಯ ರೋಗಿಗಳನ್ನೇ ಊರಿಂದ ಕರೆಸಿ ವಿದ್ಯಾರ್ಥಿಗಳ ಮುಂದೆ ಕೂರಿಸುವುದು ವಾಡಿಕೆ. ಹೋದ ವರ್ಷ ಒಬ್ಬ ರೋಗಿಯ ಕಾಯಿಲೆಯ ಹೆಸರು ತೋಚದೆ ಫೇಲಾಗಿದ್ದ ಹುಡುಗಿಗೆ, ಈ ಸಲವೂ ವಾರ್ಡಿನ ಹೊರಗೆ ಅವನ ಹೆಂಡತಿಯನ್ನು ಕಂಡು ಹೋದ ಜೀವ ಬಂದಂತಾಯಿತು. ಆ ಹೆಂಗಸು ಹರೆಯದ ಮಗಳ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಅದುಮಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು.

“ಅಮ್ಮಾ, ನೀವು ಬಂದಿದ್ದು ಒಳ್ಳೇದಾಯ್ತು. ಕೈಕಾಲು ತಾವಾಗೇ ಕುಣಿಯೋದು, ಈ ಸಲಾನೂ ಅದೇ ಕೇಸ್ ತಾನೆ?”

“ಅದೇ ಕಣವ್ವ. ಹಂಟಿಂಗ್ಟನ್ ಕಾಯಿಲೆ. ಹೋದ ಸಲದಂಗೆ ಹೆಸರು ಮರ್ತುಬಿಟ್ಟೀಯ.”

“ಈ ಸಲ ಮರೆಯಲ್ಲ. ಅದು ಡಾಕ್ಟರೊಬ್ಬರ ಹೆಸರು.”

“ಅವರಿಗೂ ಇದು ಬಂದಿತ್ತಾ?”

“ಇಲ್ಲಮ್ಮ, ಅವರು ನೋಡಿ ಬರೆದವರು ಅಷ್ಟೆ. ಅವರಪ್ಪ, ತಾತ ಕೂಡ ಡಾಕ್ಟರೇ. ಮೂವರೂ ಅದೇ ಮನೆಗಳ ರೋಗಿಗಳನ್ನ ನೋಡಿದ್ದಕ್ಕೆ, ಇದು ಹೆತ್ತವರಿಂದ ಮಕ್ಕಳಿಗೆ ಬರುತ್ತೆ ಅಂತ ಗೊತ್ತಾಯ್ತು.” ಹುಡುಗಿ ಪಾಠ ಒಪ್ಪಿಸಿದಂತೆ ಹೇಳಿದಳು.

“ಅವರ ಮನೇಲಿ ಡಾಕ್ಟರಿಕೆ ಇಳೀತಾ ಬಂತು ಅನ್ನು” ಎಂದಳು ಹೆಂಗಸು.

ಹುಡುಗಿ ನಕ್ಕಳು. “ಯಜಮಾನ್ರು ಆಗಲೇ ಒಳಗೆ ಹೋದ್ರಾ?”

“ಯುಗಾದಿಗೆ ಮುಂಚೇನೇ ತೀರ್ಕೊಂಡ್ರು.”

“ಅಯ್ಯೋ... ಮತ್ತೆ ನೀವು ಇಲ್ಲಿ...”

ಅಷ್ಟರಲ್ಲಿ ಅಟೆಂಡರ್ ಬಾಗಿಲು ತೆರೆದು, “ಹಂಟಿಂಗ್ಟನ್ ಪೇಷಂಟ್ ಬರ್ಬೇಕು” ಎಂದು ಕೂಗಿದ.

ಹೆಂಗಸು ಹಿಡಿತ ಸಡಿಲಿಸಿದಳು. ಮಗಳ ಗಾಜಿನ ಬಳೆಗಳು ತಾವಾಗಿಯೇ ಸದ್ದು ಮಾಡತೊಡಗಿದವು.