ಮೊದಲ ಗುಟುಕು

ಕಂದಗೂರು ಮುಳುಗಿದಂದಿನಿಂದ ಜಲಾಶಯದ ನೀರು ಕಹಿ. ಆ ಊರಲ್ಲಿ ಹುಟ್ಟಿದ ಒಬ್ಬರು ಪ್ರತಿ ಪೈಪಿನ ನೀರಿನಲ್ಲೂ ಮೊದಲ ಗುಟುಕು ಕುಡಿದರಷ್ಟೇ ಅದು ಆ ದಿನದ ಮಟ್ಟಿಗೆ ಸಿಹಿಯಾಗುತ್ತದೆ. ಹಾಗೆ ಹುಟ್ಟಿದವರಲ್ಲಿ ಈಗ ಉಳಿದವಳು ನಿಂಬೆವ್ವ ಒಬ್ಬಳೇ.

ಎಂದಿನಂತೆ ಬೆಳಿಗ್ಗೆ ಎಂಜಿನಿಯರ್ ಅಶ್ಫಾಕ್ ಅವಳ ಪುನರ್ವಸತಿ ಓಣಿಗೆ ಜೀಪಿನಲ್ಲಿ ಎರಡು ಲೋಟ ನೀರು ತಂದ. ಒಂದು ಆಸ್ಪತ್ರೆ ಪೈಪಿನದು, ಇನ್ನೊಂದು ನಗರದ್ದು. ಓಣಿಯ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರಿಗೆ ಕಾಯುತ್ತಿದ್ದರು.

"ಲಗೂನ ಕುಡಿ ಯವ್ವಾ, ಮ್ಯಾಲಿನವರು ಫೋನ್ ಮಾಡಾಕತ್ತಾರ."

"ನಮ್ಮೂರಾಗ ಬಾವಿ ತೋಡಿದ್ರ, ಮೊದಲನೇ ಕೊಡ ಬಾವಿ ಇಲ್ಲದ ಮನಿಗೆ ಹೋಗತಿತ್ತು. ನೀವು ಇಪ್ಪತ್ತು ವರ್ಷದಿಂದ ಲೋಟ ತರಾಕತ್ತೀರಿ. ನಳ ಯಾವಾಗ ತರ್ತೀರೋ ಅಶ್ಫಾಕಾ?"

ಅವನು ತಲೆ ತಗ್ಗಿಸಿದ. "ಅರ್ಜಿ ಬರದು ಬರದು ನನಗೂ ಸಾಕಾಗೇತಿ. ಆದ್ರ ಆಸ್ಪತ್ರ್ಯಾಗ ಕೂಸುಗಳು ಅದಾವ ಯವ್ವಾ."

ನಿಂಬೆವ್ವ ಆಸ್ಪತ್ರೆಯ ಲೋಟವನ್ನು ಪೂರ್ತಿ ಕುಡಿದಳು. ನಗರದ ಲೋಟವನ್ನು ಮುಟ್ಟಲಿಲ್ಲ.

"ಇದನ್ನ ನಮ್ಮ ಓಣಿಗೆ ನಳ ಬಂದ ಮ್ಯಾಲ ಆ ನಳದಾಗ ಕುಡೀತೀನಂತ ಮ್ಯಾಲಿನವರಿಗೆ ಹೇಳು."

ಅವನು ಫೋನ್ ಮಾಡಿ ಹಾಗೇ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಬಾಯೆಲ್ಲ ಕಹಿಯಾದ ನಗರ, ನಿಂಬೆವ್ವನ ಓಣಿ ಎಲ್ಲಿದೆ ಎಂದು ಮೊದಲ ಬಾರಿಗೆ ಕೇಳಿತು.