ಮೂರನೆಯ ಬೋರು

೨೦೦೨ರ ದೀಪಾವಳಿ ಕಳೆದು ನಾಲ್ಕು ದಿನ. ಕಬ್ಬು ಕಡಿಯುವ ತಂಡಗಳು ಕಲಘಟಗಿ ಕಡೆಯ ಊರುಗಳಿಗೆ ಬಂದಿಳಿದಿದ್ದವು. ಹುಬ್ಬಳ್ಳಿಯ ಗೌಸಮೊದ್ದೀನ ಮಿಸ್ತ್ರಿಯ ವರ್ಕ್‌ಶಾಪಿನಲ್ಲಿ ಮುಂಜಾನೆಯಿಂದ ಲೇತ್ ನಿಂತಿರಲಿಲ್ಲ. ಹಂಗಾಮಿಗೆ ಮೊದಲು ಎಲ್ಲರಿಗೂ ಅವನ ಗುರುತು ಬೇಕು. ಎಂಜಿನ್ ಬ್ಲಾಕಿನ ಮೈಮೇಲೆ ಅವನು ಪಂಚಿಟ್ಟು ಒಂದು ಸಣ್ಣ ನಕ್ಷತ್ರ ಹೊಡೆದನೆಂದರೆ, ಅದು ಮೂರು ಹಂಗಾಮು ತಾಳುತ್ತದೆ ಎಂದೇ ಅರ್ಥ. ನಕ್ಷತ್ರವಿಲ್ಲದ ಟ್ರ್ಯಾಕ್ಟರಿಗೆ ಕಬ್ಬಿನ ತಂಡದ ಮುಕಾದಮ ಎರಡು ಟ್ರೇಲರ್ ಕಟ್ಟಗೊಡುತ್ತಿರಲಿಲ್ಲ.

ಹನಮೇಶನ ಟ್ರ್ಯಾಕ್ಟರಿನ ಬ್ಲಾಕು ಹಲಗೆಯ ಮೇಲೆ ಬಾಯ್ದೆರೆದು ಕೂತಿತ್ತು. ಬೇಸಿಗೆಯಲ್ಲಿ ಅವನು ಅದರಲ್ಲಿ ಪಿಸ್ಟನ್ ಓಡುವ ಮೂರೂ ಬೋರುಗಳನ್ನು ಅಗಲ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿಸಿ, ಡೀಸೆಲ್ ಪಂಪು ಬಿಗಿ ಮಾಡಿಸಿ, ಮೂವತ್ತೈದು ಎಚ್‌ಪಿಯ ಎಂಜಿನ್ನನ್ನು ಐವತ್ತಕ್ಕೆ ಏರಿಸಿದ್ದ. ಮಿಸ್ತ್ರಿ ನೀರು ಹರಿಯುವ ಸಂದಿಗಳಿಗೆಲ್ಲ ಸೀಮೆಎಣ್ಣೆ ತುಂಬಿ, ಬೋರಿನ ಒಳಗೋಡೆಗೆ ಸುಣ್ಣ ಬಳಿದು, ಬೆರಳಿನಿಂದ ಗೋಡೆಯನ್ನು ತಟ್ಟಿ ನೋಡಿದ.

"ಕೊರದು ಕೊರದು ತತ್ತಿ ಸಿಪ್ಪಿ ಮಾಡ್ಯಾರಲ್ಲೋ! ಯಾರ ಕಡೆ ಮಾಡಿಸಿದೆಪಾ?"

"ಯಾರರೆ ಆಗ್ಲಿ ಬಿಡ್ರಿ ಚಾಚಾ. ಎಳಿಯೂದು ನೋಡ್ರಿ. ಎರಡು ಟ್ರೇಲರ್ ಅಂದ್ರ ಅದಕ್ಕ ಎರಡು ಬುತ್ತಿಗಂಟು ಇದ್ದಂಗ."

"ಎಳಿಯೂದು ಒಂದು ದಿನದ ಮಾತು. ತಾಳೂದು ಬ್ಯಾರೆ. ಕೂದಲೆಳಿಯಷ್ಟು ಬಿರುಕಿದ್ರೂ ಎಣ್ಣಿ ಜಿನುಗಿ ಸುಣ್ಣದ ಮ್ಯಾಲ ಗೀಟು ಬೀಳ್ತೈತಿ. ಒಂದು ತಾಸು ಕಾಯೂಣು."

"ಏರಿನ್ಯಾಗ ಆ ಬುತ್ತಿಗಂಟು ಹಿಂದಕ್ಕ ಜಗ್ತಾವ್ರಿ ಚಾಚಾ," ಎಂದಳು ಡಬ್ಬದ ಮೇಲೆ ಕೂತಿದ್ದ ಹನಮೇಶನ ಹೆಂಡತಿ ರೇಣವ್ವ, ನಗುತ್ತಲೇ. ಗಂಡ ಕಣ್ಣು ಕೆಂಪಗೆ ಮಾಡಿದ. ಹದಿನೈದು ದಿನದ ಹಿಂದೆ, ನೋಡೋಣವೆಂದು ಎರಡು ಟ್ರೇಲರ್ ಇಟ್ಟಿಗೆ ಹೇರಿದಾಗ, ಹಳ್ಳದ ಏರಿನ ನಡುವೆ ಎಂಜಿನ್ ಉಸಿರುಕಟ್ಟಿ ನಿಂತಿತ್ತು. ಬ್ರೇಕ್ ಹಿಡಿಯದೆ ಗಾಡಿ ಹಿಂದೆ ಸರಿಯುತ್ತಿತ್ತು. ಬೆನ್ನಿಗೆ ನಡೆದು ಬರುತ್ತಿದ್ದ ರೇಣವ್ವ ಗಾಲಿಗೆ ಕಲ್ಲು ಕೊಟ್ಟಿದ್ದಕ್ಕೆ ಹನಮೇಶ ಉಳಿದ. ಮಿಸ್ತ್ರಿಯ ಮುಂದೆ ಅವನು ಹೇಳಿದ್ದು ಇಷ್ಟೇ: ಸ್ವಲ್ಪ ಬಿಸಿ ಆಗ್ತೈತ್ರಿ.

ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿಸಿತು. "ಮುಟ್ಟಬ್ಯಾಡ್ರಿ ಮತ್ತ," ಎಂದು ಹೇಳಿ ಮಿಸ್ತ್ರಿ ಲೇತ್ ಆರಿಸಿ ನಮಾಜಿಗೆ ಹೋದ.

ಇಬ್ಬರೂ ಬ್ಲಾಕಿನ ಮೇಲೆ ಬಾಗಿ ಕಾದರು. ಮೊದಲ ಬೋರು ಬೆಳ್ಳಗಿತ್ತು. ಎರಡನೆಯದೂ ಅಷ್ಟೇ. ಮೂರನೆಯದರ ಅಂಚಿನ ಕೆಳಗೆ ಬೂದು ಬಣ್ಣದ ಒಂದು ಎಳೆ ಮೂಡಿತು. ನೋಡನೋಡುತ್ತಿದ್ದಂತೆ ಅದು ಬೆರಳುದ್ದ ಇಳಿಯಿತು.

"ನೋಡಿದ್ರೇನು?"

"ನಾ ನೋಡಿಲ್ಲ. ನೀನೂ ನೋಡಿಲ್ಲ." ಹನಮೇಶ ಡಬ್ಬಿಯಿಂದ ಸುಣ್ಣದ ಪುಡಿ ತೆಗೆದು ಗೀಟಿನ ಮೇಲೆ ಒತ್ತಿದ. "ಬ್ಯಾರೆ ಬ್ಲಾಕ್ ಹುಡುಕಿ ತರೂದ್ರಾಗ ಹಂಗಾಮ ಮುಗೀತದ. ಇವತ್ತು ಸಂಜೀಕ ಗುರುತು ತೋರಸಲಿಲ್ಲಂದ್ರ ಮುಕಾದಮ ಇನ್ನೊಬ್ಬನ ಗಾಡಿ ಹಚ್ತಾನ. ನಾ ಹಗೂರಕ ಓಡಸ್ತೇನಿ, ಸುಮ್ನಿರು."

"ಏರಿಗೆ ಹಗೂರ ಅಂದ್ರ ತಿಳೀತದೇನ್ರಿ?"

ಹನಮೇಶ ಮತ್ತೆ ಡಬ್ಬಿಗೆ ಬೆರಳು ಹಾಕಿದ. ಇನ್ನೊಂದು ಚಿಟಿಕೆ ಒತ್ತಿದ.

ಮಿಸ್ತ್ರಿ ಬಂದು, ಟೋಪಿ ಮಡಚಿ ಜೇಬಿಗಿಟ್ಟುಕೊಂಡು, ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಒಂದು. ಎರಡು. ಮೂರನೆಯದರಲ್ಲಿ ಬೆಳಕು ಬಹಳ ಹೊತ್ತು ನಿಂತಿತು.

"ಬೆಳ್ಳಗೈತಲ್ರಿ ಚಾಚಾ?"

"ಹೌದು. ಉಳಿದೆರಡಕ್ಕಿಂತ ಇದ ಭಾಳ ಬೆಳ್ಳಗೈತಿ." ಮಿಸ್ತ್ರಿ ಬ್ಯಾಟರಿ ಆರಿಸಿದ. ಹನಮೇಶ ಸುಣ್ಣ ಹತ್ತಿದ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಮಿಸ್ತ್ರಿ ರೇಣವ್ವನ ಮುಖ ನೋಡಿದ. ಅವಳು ನೆಲ ನೋಡಿದಳು. ಗಂಡನ ಮಾತನ್ನು ಮತ್ತೊಬ್ಬರ ಮುಂದೆ ಸುಳ್ಳು ಮಾಡಿ ಅವಳಿಗೆ ರೂಢಿಯಿರಲಿಲ್ಲ.

ಮಿಸ್ತ್ರಿ ಪಂಚು, ಸುತ್ತಿಗೆ ಎರಡನ್ನೂ ತಂದು ಹನಮೇಶನ ಮುಂದೆ ಹಿಡಿದ.

"ಇಷ್ಟು ವರ್ಷ ನಾ ಕಂಡದ್ದಕ್ಕ ನಾ ನಕ್ಷತ್ರ ಹೊಡದೇನಿ. ನಾ ಇಲ್ಲದಾಗ ಇದನ್ನ ಕಂಡಾಂವ ನೀನು. ಹೊಡಿ."

"ಚಾಷ್ಟಿ ಮಾಡಬ್ಯಾಡ್ರಿ ಚಾಚಾ."

"ನಾ ಯಾವತ್ತು ಕಬ್ಬಿಣದ ಜೋಡಿ ಚಾಷ್ಟಿ ಮಾಡೇನಿ?" ಮಿಸ್ತ್ರಿ ಎರಡನ್ನೂ ಅವನ ಕೈಗಿಟ್ಟು, ಬೆನ್ನು ತಿರುಗಿಸಿ ಲೇತಿನ ಕಡೆ ಹೋದ.

ಹೊರಗೆ ಬ್ಲಾಕು ಒಯ್ಯಲು ಕಾದಿದ್ದ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಹನಮೇಶ ತುಟಿ ಕಚ್ಚಿ ಪಂಚಿನ ಮೊನೆಯನ್ನು ಬ್ಲಾಕಿಗೆ ಹಚ್ಚಿದ. ಸುತ್ತಿಗೆ ಎತ್ತಿದ.

ರೇಣವ್ವ ಎದ್ದು ಬಂದಳು. ಪಂಚಿನ ಮೊನೆಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತನ್ನ ಅಂಗೈ ಅಂಗಾತ ಇಟ್ಟಳು.

"ಹೊಡೀರಿ," ಅಂದಳು.