ಎದೆಗೆ ತಟ್ಟುವ ಸದ್ದು

ಮನೆ ಯಜಮಾನ ನಡುಮನೆಯ ನೆಲದ ಮೇಲೆ ಅಂಬೆಗಾಲಿಡುತ್ತಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಒಂದು ಕಿವಿ ನೆಲದ ಕಡೆ ವಾಲಿತ್ತು. ಅವನು ಕೂರಬೇಕಾಗಿದ್ದ ಸೋಫಾದ ಮೇಲೆ ಎರಡು ಕಪ್ಪು ಸಬ್‌ವೂಫರ್‌ಗಳು, ಅಂದರೆ ದಪ್ಪ ಸದ್ದಿನ ಸ್ಪೀಕರ್ ಡಬ್ಬಿಗಳು, ಬೀಗರ ಹಾಗೆ ಒತ್ತೊತ್ತಾಗಿ ಕೂತಿದ್ದವು. ಹಿಂದೆ ವೈರು ಹಿಡಿದು ನಿಂತಿದ್ದ ಅಂಗಡಿಯ ಫಿಟ್ಟರ್‌ಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸುತ್ತಿತ್ತು. ಮೊದಲ ದಿನ ಬಾಯಿ ಸುಮ್ಮನಿರಲಾರದೆ ಹೇಳಿದವನು ಅವನೇ: ಈ ದಪ್ಪ ಸದ್ದು ಕೋಣೆಯ ಒಂದು ಕಡೆ ಗುಮ್ಮೆನ್ನುತ್ತದೆ, ಇನ್ನೊಂದು ಕಡೆ ಸತ್ತೇ ಹೋಗುತ್ತದೆ, ಡಬ್ಬಿಯನ್ನು ನೀವು ಕೂರುವ ಜಾಗದಲ್ಲಿಟ್ಟು, ನೀವು ಅಂಬೆಗಾಲಲ್ಲಿ ಕೋಣೆಯೆಲ್ಲ ತಿರುಗಿ, ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲಿಗೆ ಡಬ್ಬಿ ಒಯ್ದಿಟ್ಟರಾಯಿತು. ಹೇಳಿ ಮುಗಿಸುವಷ್ಟರಲ್ಲಿ ಆಸಾಮಿ ಮಂಡಿಯೂರಿ ಆಗಿತ್ತು. ಇವತ್ತಿಗೆ ಇದು ಮೂರನೆಯ ಸಲ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಅಷ್ಟೂ ಸಲ ಎರಡೂ ಡಬ್ಬಿ ಹೊತ್ತು ಹತ್ತಿದ್ದು ಯಾರು? ಫಿಟ್ಟರ್.

ಒಂದು ಡಬ್ಬಿಗೆ ಮುಂದೆ ತೂತಿತ್ತು, ಇನ್ನೊಂದು ಎಲ್ಲ ಕಡೆ ಮುಚ್ಚಿದ್ದು. ತೂತಿನದು ಸಿನಿಮಾಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಪರದೆಯ ಮೇಲೆ ಸೇತುವೆ ಕುಸಿದರೆ ಈ ಮನೆಯ ಕಿಟಕಿ ಗಾಜು ಅದುರುತ್ತಿತ್ತು. ಹಾಡು ಹಾಕಿದರೆ ಮಾತ್ರ ಡ್ರಮ್ಮಿನ ಒಂದು ಪೆಟ್ಟು ಮುಗಿಯುವ ಮುಂಚೆಯೇ ಇನ್ನೊಂದು ಬಂದು ಬಿದ್ದು ಎಲ್ಲ ಕಲಸುಮೇಲೋಗರ. ಮುಚ್ಚಿದ್ದರಲ್ಲಿ ಹಾಡು ಚೊಕ್ಕ, ಪೆಟ್ಟುಗಳು ಬಿಡಿಬಿಡಿ. ಆದರೆ ಸೇತುವೆ ಕುಸಿದರೆ ಪಕ್ಕದ ಮನೆಯಲ್ಲಿ ಯಾರೋ ಮಂಚ ಎಳೆದಷ್ಟೇ ಸದ್ದು. ವಿಷಯ ಇಷ್ಟೇ, ಎರಡರಲ್ಲಿ ಒಂದನ್ನು ಬಿಡಬೇಕು. ಯಜಮಾನನಿಗೆ ಬಿಡುವ ಅಭ್ಯಾಸವೇ ಇರಲಿಲ್ಲ. ಫೋನಿನಲ್ಲಿ ಓದಿದ್ದನ್ನೆಲ್ಲ ಒದರಿ, ಕೊನೆಗೆ ನನಗೆ ಎದೆಗೆ ತಟ್ಟಬೇಕಪ್ಪ ಎಂದು ಮೊದಲಿಗೇ ಬರುತ್ತಿದ್ದ. ಕಣ್ಣು ಬಿಟ್ಟರೆ ಕಿವಿ ಕೆಡುತ್ತದೆ ಎಂಬುದು ಅವನದೇ ಸಂಶೋಧನೆ. ಒಂದನ್ನು ಒಪ್ಪಿಸದೆ ವಾಪಸ್ ಬರಬೇಡ ಎಂದು ಅಂಗಡಿ ಮಾಲೀಕ ಹೇಳಿ ಕಳಿಸಿದ್ದರಿಂದ ಫಿಟ್ಟರ್ ಹಲ್ಲು ಕಚ್ಚಿಕೊಂಡು ನಿಂತಿದ್ದ.

ಹಿಂದಿನ ಎರಡು ಸಲದ ಅಂಬೆಗಾಲಿನಲ್ಲಿ ಒಂದು ಮಾತ್ರ ತೀರ್ಮಾನವಾಗಿತ್ತು. ಯಾವ ಡಬ್ಬಿ ಗೆದ್ದರೂ ಅದು ಹೋಗುವುದು ಕಿಟಕಿ ಮೂಲೆಗೆ. ಸದ್ಯಕ್ಕೆ ಅಲ್ಲಿ ಯಜಮಾನನ ಹೆಂಡತಿಯ ಹೊಲಿಗೆ ಮೆಷಿನ್ ಇತ್ತು. ಗಾರ್ಮೆಂಟ್ಸ್ ಫ್ಯಾಕ್ಟರಿಯವರು ಮಾರಿದ ಹಳೆಯ ಮೆಷಿನ್ ಅದು, ಕಬ್ಬಿಣದ ಕಾಲುಗಳು, ಮೇಜಿನಡಿ ಕುಂಬಳಕಾಯಿ ಗಾತ್ರದ ಮೋಟರ್. ಕಟ್ಟಡದವರೆಲ್ಲ ಅವಳನ್ನು ಕರೆಯುವುದೇ ಟೈಲರಕ್ಕ ಎಂದು. ಮೆಷಿನ್ ಸ್ಟೋರ್ ರೂಮಿಗೆ ಹೋಗತಕ್ಕದ್ದು ಎಂದು ಯಜಮಾನ ಅಪ್ಪಣೆ ಕೊಡಿಸಿಯಾಗಿತ್ತು. ಸ್ಟೋರ್ ರೂಮಿಗೆ ಕಿಟಕಿಯೇ ಇಲ್ಲ.

"ರೀ, ಕಪ್ಪು ಬಟ್ಟೆ, ಕಪ್ಪು ದಾರ. ಆ ಗೂಡಲ್ಲಿ ನಂಗೆ ಹೊಲಿಗೆನೇ ಕಾಣ್ಸಲ್ಲ," ಅಂದಳು ಟೈಲರಕ್ಕ.

"ಬಲ್ಬ್ ಹಾಕಿಸ್ಕೊಡ್ತೀನಿ ಕಣೇ. ಈಗ ಎರಡು ನಿಮಿಷ ಆ ಟಕಟಕ ನಿಲ್ಸು."

ಆ ಎರಡು ನಿಮಿಷ ಬೆಳಿಗ್ಗೆಯಿಂದ ಮುಗಿದೇ ಇರಲಿಲ್ಲ. ಹೋಟೆಲಿನ ಸಪ್ಲೈಯರ್‌ಗಳಿಗೆಂದು ಕತ್ತರಿಸಿದ ಕಪ್ಪು ಪ್ಯಾಂಟುಗಳು ಅವಳ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಸಂಜೆಗೆ ಹೋಟೆಲಿನವರು ಬರುತ್ತಾರೆ. ಬಂದು ಬರಿಗೈಲಿ ಹೋದರೆ ಮುಂದಿನ ಸಲ ಬೇರೆಯವರ ಮನೆ ಮೆಟ್ಟಿಲು ಹತ್ತುತ್ತಾರೆ. ಅವಳು ಸೊಂಟದ ಪಟ್ಟಿಯೊಂದನ್ನು ಸೂಜಿಯಡಿ ಇಟ್ಟುಕೊಂಡು, ನೆಲದ ಮೇಲೆ ಹರಿದಾಡುವ ಗಂಡನನ್ನು ನೋಡುತ್ತ ಕೂತಿದ್ದಳು. ಮಗು ಅಂಬೆಗಾಲಿಟ್ಟರೆ ಚಪ್ಪಾಳೆ ತಟ್ಟಬಹುದು. ಇದಕ್ಕೆ ಏನು ಮಾಡುವುದು?

ಯಜಮಾನ ಹಾಡಿನ ಸದ್ದನ್ನು ಪೂರ್ತಿ ಏರಿಸಿ, ಈಗ ಮುಚ್ಚಿದ ಡಬ್ಬಿ ಹಾಕು ಎಂದು ಕೂಗಿದ. ಫಿಟ್ಟರ್ ತೂತಿನ ಡಬ್ಬಿಯಿಂದ ವೈರು ಕಿತ್ತ. ಗೋಡೆಯ ಸ್ಪೀಕರ್‌ಗಳಲ್ಲಿ ಹಾಡು ನಡೆದೇ ಇತ್ತು, ಅಡಿಯ ದಪ್ಪ ಸದ್ದು ಹೋಗಿ ಬರೀ ಕೀರಲು ಉಳಿಯಿತು. ವೈರು ಇನ್ನೂ ಅವನ ಕೈಯಲ್ಲೇ ಇತ್ತು; ಅಷ್ಟರಲ್ಲಿ ಟೈಲರಕ್ಕನ ತಾಳ್ಮೆ ಮುಗಿಯಿತು. ಅವಳು ಪೆಡಲ್ ಮೇಲೆ ಕಾಲಿಟ್ಟಳು. ದಪ್ಪ ಪಟ್ಟಿ, ನಿಧಾನದ ಹೊಲಿಗೆ. ಸೂಜಿಯ ಟಕಟಕವನ್ನು ಹಾಡು ನುಂಗಿಹಾಕಿತು. ಮೋಟರಿನ ಗುಮ್ಮೆನ್ನುವ ಸದ್ದು ಮಾತ್ರ ಕಬ್ಬಿಣದ ಕಾಲುಗಳಲ್ಲಿ ಇಳಿದು, ನೆಲದಲ್ಲಿ ಹರಿದು, ಯಜಮಾನನ ಅಂಗೈಗೆ ಬಂತು.

ಅವನು ತಟ್ಟನೆ ನಿಂತ. ಮೂಗೆತ್ತಿದ. ಆಮೇಲೆ ಕಣ್ಣು ಮುಚ್ಚಿಕೊಂಡೇ ದಡದಡನೆ ಕಿಟಕಿ ಮೂಲೆಗೆ ಹರಿದುಹೋದ.

"ಬಂತು ನೋಡು. ಸಿನಿಮಾದ ಗುಡುಗೂ ಇದೆ, ಹಾಡಿನ ಚೊಕ್ಕತನಾನೂ ಇದೆ. ಎದೆಗೆ ತಟ್ಟೋದು ಅಂದ್ರೆ ಇದು. ಈ ಸದ್ದನ್ನ ಇಲ್ಲಿಂದ ಒಂದಿಂಚು ಅಲ್ಲಾಡಿಸೋ ಹಾಗಿಲ್ಲ, ಹೇಳಿರ್ತೀನಿ."

ಫಿಟ್ಟರ್ ಕೈಯಲ್ಲಿದ್ದ ವೈರು ನೋಡಿದ. ಟೈಲರಕ್ಕನೂ ಅದೇ ವೈರು ನೋಡಿದಳು. ಅದಿನ್ನೂ ಯಾವ ಡಬ್ಬಿಗೂ ಸೇರಿರಲಿಲ್ಲ. ಫಿಟ್ಟರ್ ಅದನ್ನು ಸದ್ದಿಲ್ಲದೆ ಎರಡು ಡಬ್ಬಿಗಳ ನಡುವೆ ಮಲಗಿಸಿದ.

"ಆಯ್ತು ರೀ," ಅಂದಳು ಟೈಲರಕ್ಕ, "ಅಲ್ಲಾಡ್ಸಲ್ಲ."

ಪೆಡಲ್ ಮೇಲಿಂದ ಕಾಲು ತೆಗೆಯದೆ ಮುಂದಿನ ಪ್ಯಾಂಟಿಗೆ ಕೈ ಹಾಕಿದಳು. ಅವಳ ಕಾಲ ಬಳಿ, ಮೆಷಿನ್ನಿನ ಕಬ್ಬಿಣಕ್ಕೆ ಕಿವಿ ಆನಿಸಿಕೊಂಡು, ಅವನು ತಲೆದೂಗುತ್ತಲೇ ಇದ್ದ.